ಬಿಕ್ಸ್‌ಬಿ ಸೇತುವೆಗೆ ಬೆನ್ನು ತೋರಿಸುವ ಬಗೆ

ಕ್ಯಾಲಿಫೋರ್ನಿಯಾದ ಬಿಗ್ ಸರ್ ಕಡಲಂಚಿನ ಬಿಕ್ಸ್‌ಬಿ ಸೇತುವೆಯನ್ನು ನೋಡಬೇಕೆಂದರೆ ಅದರ ಮೇಲೆ ನಿಲ್ಲಲೇಬಾರದು. ಕಮಾನು ಇರುವುದು ಕಾಲ ಕೆಳಗೆ. ಮೇಲಿದ್ದವರಿಗೆ ಕಾಣುವುದು ರಸ್ತೆ, ಕಟಾಂಜನ ಮತ್ತು ಮುಂದಿನ ಕಾರಿನ ಡಿಕ್ಕಿ. ಆದರೂ ವೀಕೆಂಡ್ ಬಂತೆಂದರೆ ಎಲ್ಲರ ಬ್ರೇಕೂ ಸರಿಯಾಗಿ ಅಲ್ಲೇ ಹಿಡಿಯುತ್ತದೆ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಿಂದ ಪುಳಿಯೋಗರೆ ಕಟ್ಟಿಕೊಂಡು ಬಂದ ನಮ್ಮವರ ಕಾರಿನಲ್ಲೂ ಅಪ್ಪಣೆಯಾಗುತ್ತದೆ: "ಏನ್ರೀ, ಒಂದ್ನಿಮಿಷ ನಿಲ್ಸ್ರೀ, ಯಾರೂ ಏನೂ ಅನ್ನಲ್ಲ." ಸೇತುವೆಯ ಅಗಲ 24 ಅಡಿ. ಎರಡು ಲೇನಿಗೇ ಮುಗಿಯಿತು, ಪಕ್ಕಕ್ಕೆ ಸರಿಯಲು ಜಾಗವಿಲ್ಲ. ಹಿಂದೆ ಆಂಬುಲೆನ್ಸ್ ಸಿಕ್ಕಿಕೊಂಡರೆ ಅದೂ ಒಂದು ಸೆಲ್ಫಿ ತೆಗೆದುಕೊಂಡು ಕಾಯಬೇಕು.

ಬರೀ ಪ್ರವಾಸಿಗರನ್ನು ಬೈದರೆ ಅನ್ಯಾಯವಾದೀತು. ಪೋಸು ಕೊಡಲು ಮೊದಲು ಶುರುಮಾಡಿದ್ದೇ ಸೇತುವೆ. ಕಮಾನಿನ ಎರಡೂ ತುದಿಗೆ ಎದೆಯುಬ್ಬಿಸಿ ನಿಂತ ದೈತ್ಯ ಕಂಬಗಳಿವೆಯಲ್ಲ, ಅವು ಇಲ್ಲದೆಯೂ ನಡೆಯುತ್ತಿತ್ತು, ಇಟ್ಟಿರುವುದು ಅಂದಕ್ಕೆ. ದುಡಿಯುವುದು 320 ಅಡಿ ಹಾರಿದ ಕಮಾನು: ನೆತ್ತಿಯಲ್ಲಿ 5 ಅಡಿ ದಪ್ಪ, ಬುಡದಲ್ಲಿ 9. ಕೆಳಗಿಳಿದಂತೆ ಒತ್ತಡ ಏರುತ್ತದೆ. ಬುಡ ಬಂಡೆಯನ್ನು ಒದ್ದುಕೊಂಡೇ ನಿಂತಿರಬೇಕು, ತುಸು ಜರುಗಿದರೂ ಕಮಾನು ಬಿರುಕು ಬಿಡುತ್ತದೆ. ಯಾರ ಫೋಟೋದಲ್ಲೂ ಈ ಬುಡ ಬರುವುದಿಲ್ಲ, ಪಾಪ.

ಉಪ್ಪುಗಾಳಿಗೆ ತುಕ್ಕು ಹಿಡಿದೀತೆಂದು ಉಕ್ಕಿನ ಸೇತುವೆ ಬೇಡವೆಂದು ಕಾಂಕ್ರೀಟಿಗೆ ಒಪ್ಪಿದರು. ಕಮಾನು ಗಟ್ಟಿಯಾಗುವವರೆಗೆ ಹೊರುವ ಸೆಂಟ್ರಿಂಗಿಗೇ 3 ಲಕ್ಷ ಬೋರ್ಡ್ ಅಡಿ (ಒಂದಡಿ ಉದ್ದ, ಒಂದಡಿ ಅಗಲ, ಒಂದಿಂಚು ದಪ್ಪದ ಹಲಗೆಯೆಂದರೆ ಒಂದು ಬೋರ್ಡ್ ಅಡಿ) ಡಗ್ಲಸ್ ಫರ್ ಮರ ಬಂತು, ನಿಲ್ಲಿಸಲು ಎರಡು ತಿಂಗಳು ಹಿಡಿಯಿತು. ಅಲೆಗಳು ಅದರ ಬುಡಕ್ಕೇ ಬಂದಾಗ ಕೆಲಸ ಬಂದ್. ಸಿಮೆಂಟು 45,000 ಚೀಲ. ಕಾಂಕ್ರೀಟು ಹಳ್ಳದ ಮೇಲೆ ಕಟ್ಟಿದ ತಂತಿಹಗ್ಗದಲ್ಲಿ ತೂಗಿಕೊಂಡು ಹೋಗುತ್ತಿತ್ತು. ಕಮಾನನ್ನು ಎರಡೂ ಕಡೆಯಿಂದ ಸಮನಾಗಿ ತುಂಬಬೇಕು. ಒಂದೇ ಬದಿಗೆ ಸುರಿದರೆ ಸೆಂಟ್ರಿಂಗ್ ಅಲ್ಲಿ ಜಗ್ಗಿ, ಆಚೆ ಉಬ್ಬಿ, ಕಮಾನು ಸೊಟ್ಟಗಾಗುತ್ತದೆ.

1932ರಲ್ಲಿ ಕೆಲಸ ಮುಗಿದಾಗ ಆದ ಖರ್ಚು 1,99,861 ಡಾಲರ್, ಅಂದಾಜಿಗಿಂತ ಕಡಿಮೆ! ನಮ್ಮ ಗುತ್ತಿಗೆದಾರರಿಗೆ ಓದಿ ಹೇಳಬೇಡಿ, ಬಿ.ಪಿ. ಏರೀತು. ಅವರಿಗೆ ಸಮಾಧಾನವಾಗುವ ಸಂಗತಿಯೂ ಇದೆ: ಸೇತುವೆಯಾಚೆಯ ಹೆದ್ದಾರಿ ಪೂರ್ತಿಯಾಗಿ ತೆರೆದದ್ದು 1937ರಲ್ಲಿ. ಆ ಐದು ವರ್ಷವೇ ಫೋಟೋಗೆ ಸುಮುಹೂರ್ತವಾಗಿತ್ತು, ನಾವು ತಡವಾಗಿ ಹುಟ್ಟಿದೆವು.

ಈಗ ಉಳಿದಿರುವುದು ಉತ್ತರ ದಡದಲ್ಲಿ, ಕಡಲ ಬದಿಗಿರುವ ಪುಟ್ಟ ನಿಲುಗಡೆ. ಕಮಾನು ಪೂರ್ತಿ ಕಾಣುವುದು ಅಲ್ಲಿಂದ. ಜಾಗವಿಲ್ಲದಿದ್ದರೆ ನಿಲ್ಲಿಸದೆ ಮುಂದೆ ಹೋಗಬೇಕು. ಈ ಮಾತನ್ನು ಪಕ್ಕದ ಸೀಟಿಗೆ ತಿಳಿಸುವ ಹೊಣೆ ಮಾತ್ರ ಸ್ಟೇರಿಂಗ್ ಹಿಡಿದ ಯಜಮಾನರದು.