ಮಾತ್ರೆ ಬೇರೆ, ಬೆಳಕು ಬೇರೆ

ಚಳಿಗಾಲದ ಖಿನ್ನತೆಗೆ ವಿಟಮಿನ್ ಡಿ ಮಾತ್ರೆಯೇ ಸಾಕು ಅನ್ನೋ ಹಾಗೆ ಲೇಖನದಲ್ಲಿ ಬರೆದಿದ್ದೀರಿ. ಅಲ್ಲೇ ನನ್ನ ತಕರಾರು.

ನಾನಿರೋದು ಸ್ವೀಡನ್ ದೇಶದ ಸ್ಟಾಕ್‌ಹೋಮ್‌ನಲ್ಲಿ. ಡಿಸೆಂಬರ್‌ನಲ್ಲಿ ಇಲ್ಲಿ ಮಧ್ಯಾಹ್ನ 3 ಗಂಟೆಗೆ ಮುಂಚೆಯೇ ಸೂರ್ಯ ಮುಳುಗುತ್ತಾನೆ. ಮೊದಲ ವರ್ಷ ಮಾತ್ರೆ ನುಂಗಿದ್ದೇ ಬಂತು. ಹತ್ತು ತಾಸು ನಿದ್ದೆ ಮಾಡಿದರೂ ಆಕಳಿಕೆ. ಎಷ್ಟು ಅನ್ನ ಉಂಡರೂ ಇನ್ನೂ ಬೇಕು. ಊರಿಂದ ಅಮ್ಮ ಫೋನ್ ಮಾಡಿದರೆ ಎತ್ತೋಕೂ ಬೇಜಾರು. ಸುಮ್ನೆ ಸೋಮಾರಿತನ ಅಂದುಕೊಂಡಿದ್ದೆ.

ಡಾಕ್ಟರು ಹೇಳಿದ ಮೇಲೆ (ಲಕ್ಸ್ ಅಂದರೆ ಬೆಳಕು ಎಷ್ಟು ಪ್ರಖರ ಅನ್ನೋದರ ಅಳತೆ) 10,000 ಲಕ್ಸ್‌ನ ದೀಪ ತಂದೆ. ಬೆಳಗ್ಗೆ ಎದ್ದ ಕೂಡಲೇ ಕಾಫಿ ಲೋಟ ಹಿಡಿದು ಅದರ ಮುಂದೆ ಅರ್ಧ ಗಂಟೆ ಕೂರಬೇಕು. ದೀಪವನ್ನೇ ದಿಟ್ಟಿಸಬೇಕಿಲ್ಲ, ಕಣ್ಣು ತೆರೆದಿದ್ದರೆ ಆಯಿತು. ಮನೆಯ ಮಾಮೂಲಿ ಬಲ್ಬಿನ ಬೆಳಕು ಕೆಲವು ನೂರು ಲಕ್ಸ್ ಅಷ್ಟೇ ಅಲ್ವಾ? ಮೊದಲ ವಾರ ಏನೂ ಗೊತ್ತಾಗಲಿಲ್ಲ. ಎರಡನೇ ವಾರ ಅಮ್ಮನಿಗೆ ನಾನೇ ಫೋನ್ ಮಾಡಿದೆ.

ಸಂಜೆ ಮಾತ್ರ ಹಚ್ಚಬೇಡಿ, ನಿದ್ದೆ ಕೆಡುತ್ತದೆ. (ಅದನ್ನೂ ಮಾಡಿ ನೋಡಿದ್ದೇನೆ!) ಚರ್ಮದಲ್ಲಿ ವಿಟಮಿನ್ ಡಿ ತಯಾರಾಗೋಕೆ ಬೇಕಾದ ಅಲ್ಟ್ರಾವಯಲೆಟ್ ಕಿರಣವನ್ನು ಈ ದೀಪಗಳಲ್ಲಿ ಸೋಸಿರುತ್ತಾರೆ, ಹಾಗಾಗಿ ಇದರಿಂದ ವಿಟಮಿನ್ ಡಿ ಸಿಗುವುದಿಲ್ಲ. ಬೈಪೋಲಾರ್ (ಮನಸ್ಸು ಅತಿ ಉತ್ಸಾಹ, ಖಿನ್ನತೆಗಳ ನಡುವೆ ತೂಗಾಡುವ ಕಾಯಿಲೆ) ಅಥವಾ ಕಣ್ಣಿನ ಕಾಯಿಲೆ ಇದ್ದವರು ದೀಪ ಕೊಳ್ಳುವ ಮೊದಲು ಡಾಕ್ಟರನ್ನು ಕೇಳಲೇಬೇಕು. ಲೇಖನದಲ್ಲಿ ಈ ಮಾತು ಇರಬೇಕಿತ್ತು.