ಯಾವ ಹಲ್ಲು ಅನ್ನೋದು ಮುಖ್ಯ

ಹಲ್ಲು ಕೀಳಿಸಿದರೆ ವಾರ ಪೂರ್ತಿ ವಿಮಾನ ಹತ್ತಬೇಡಿ, ಒತ್ತಡಕ್ಕೆ ರಕ್ತ ಚಿಮ್ಮುತ್ತದೆ ಅಂತ ಬರೆದಿದ್ದೀರಿ. ಸುಮ್ನೆ ಹೆದರಿಸಿದ ಹಾಗಾಯಿತು. ವಿಮಾನದೊಳಗಿನ ಒತ್ತಡ ಹೆಚ್ಚೆಂದರೆ 8000 ಅಡಿ ಎತ್ತರದಲ್ಲಿ ಇರುವಷ್ಟು. ಊಟಿಯೇ 7000 ಅಡಿ ದಾಟುತ್ತದೆ, ಅಲ್ವಾ?

ನೋಡಬೇಕಾದ್ದು ಯಾವ ಹಲ್ಲು ಅಂತ. ಮೇಲಿನ ದವಡೆ ಹಲ್ಲಿನ ಬೇರು ಸೈನಸ್‌ಗೆ, ಅಂದರೆ ಕೆನ್ನೆ ಮೂಳೆಯೊಳಗೆ ಮೂಗಿಗೆ ತೆರೆದಿರುವ ಗಾಳಿಗೂಡಿಗೆ, ತೀರಾ ಹತ್ತಿರ. ಕೀಳುವಾಗ ಅಲ್ಲಿ ತೂತು ಬಿದ್ದಿದ್ದರೆ ಡಾಕ್ಟರ್ ಒಪ್ಪುವ ತನಕ ಹಾರಬಾರದು. ಮೂಗು ಜೋರಾಗಿ ಸೀಟಬಾರದು. ಕಿವಿ ಕಟ್ಟಿದಾಗ ಮೂಗು ಹಿಡಿದು ಊದುತ್ತೇವಲ್ಲ, ಅದೂ ಬೇಡ. ಎಂಜಲು ನುಂಗಿದರೆ ಸಾಕು.

ನಮ್ಮತ್ತೆ ಕೆಳಗಿನ ಹಲ್ಲು ಕೀಳಿಸಿ, ಡಾಕ್ಟರನ್ನು ಕೇಳಿಯೇ ಮರುದಿನ ದೇವನಹಳ್ಳಿಯಿಂದ ಹೊರಟರು. ಕೌಂಟರಿನ ಹುಡುಗಿಗೆ ಕಿಟಕಿ ಸೀಟು ಬೇಕೆಂದು ಕೈಸನ್ನೆಯಲ್ಲೇ ಹೇಳಿದ್ದು. (ಸೀಟು ಸಿಕ್ಕಿತು!)

ನಿಜವಾದ ತೊಂದರೆ ಡ್ರೈ ಸಾಕೆಟ್. ಹಲ್ಲಿದ್ದ ಗುಳಿಯಲ್ಲಿ ಕಟ್ಟಿದ ರಕ್ತದ ಹೆಪ್ಪು ಕಿತ್ತುಹೋದರೆ, ಹಲ್ಲು ಕೀಳಿಸಿದ ಎರಡು-ಮೂರು ದಿನಕ್ಕೆ ಕಿವಿವರೆಗೂ ನೋವು ಹೊಡೆಯುತ್ತದೆ. ಸಿಗರೇಟು, ಸ್ಟ್ರಾದಲ್ಲಿ ಹೀರೋದು ಬೇಡ ಅನ್ನೋದು ಅದಕ್ಕೇ. ಆ ನೋವು ಬರುವ ಹೊತ್ತಿಗೆ ನೀವು ದುಬೈನಲ್ಲಿ, ನಿಮ್ಮ ಡಾಕ್ಟರ್ ಜಯನಗರದಲ್ಲಿ. ಸೈನಸ್ ತೂತು ಬಿಟ್ಟರೆ, ದೂರದ ಪ್ರಯಾಣ ಮುಂದೆ ಹಾಕಲು ನನಗೆ ಕಾಣುವ ಕಾರಣ ಇದೊಂದೇ. ಹೋಗಲೇಬೇಕಾದರೆ ನೋವಿನ ಮಾತ್ರೆ, ಡಾಕ್ಟರ್ ಬರೆದ ಚೀಟಿ ಎರಡೂ ಕೈಚೀಲದಲ್ಲಿರಲಿ.