ಡೈಲಾಗ್ ಕ್ರ್ಯಾಶ್ ಆದರೆ ಟ್ರೈ-ಕ್ಯಾಚ್ ಹಾಕಿ ಮುಗಿಸಬೇಡಿ

ಆಂಡ್ರಾಯ್ಡ್ ಆ್ಯಪ್ ಬರೆಯುವ ಗೆಳೆಯರಲ್ಲಿ ಒಂದು ಅಭ್ಯಾಸವನ್ನು ಬಹಳ ಕಾಲದಿಂದ ಗಮನಿಸುತ್ತಾ ಬಂದಿದ್ದೇನೆ. ಡೈಲಾಗ್ (ಪರದೆಯ ಮೇಲೆ ಏಳುವ ಪುಟ್ಟ ಸಂದೇಶದ ಪೆಟ್ಟಿಗೆ) ತೋರಿಸುವ ಕೋಡ್ ಸಾಲಿನಲ್ಲಿ ಆ್ಯಪ್ ಕ್ರ್ಯಾಶ್ ಆಗುತ್ತಿದೆ ಎಂಬ ವರದಿ ಬಂದ ಕೂಡಲೇ ಆ ಸಾಲಿನ ಸುತ್ತ ಟ್ರೈ-ಕ್ಯಾಚ್ (ದೋಷವನ್ನು ಹಿಡಿದು ಆ್ಯಪ್ ಬೀಳದಂತೆ ತಡೆಯುವ ಕೋಡ್) ಹಾಕಿ, ಎಕ್ಸೆಪ್ಶನ್ನನ್ನು, ಅಂದರೆ ಆ ದೋಷವನ್ನು, ಅಲ್ಲೇ ನುಂಗಿಸಿ, ದೂರನ್ನು ಮುಚ್ಚಿಬಿಡುತ್ತಾರೆ. ಮರುದಿನದಿಂದ ಕ್ರ್ಯಾಶ್ ಗ್ರಾಫ್ ಕೆಳಗಿಳಿಯುತ್ತದೆ, ತಂಡಕ್ಕೆ ಸಮಾಧಾನವಾಗುತ್ತದೆ. ಆದರೆ ಆ ಡೈಲಾಗ್ ಬಳಕೆದಾರರಿಗೆ ಏನನ್ನೋ ತಿಳಿಸಲು ಅಥವಾ ಅವರಿಂದ ಏನನ್ನೋ ಕೇಳಲು ಹೊರಟಿತ್ತಲ್ಲ, ಆ ಮಾತು ಅವರನ್ನು ತಲುಪಲೇ ಇಲ್ಲ. ನನ್ನ ದೃಷ್ಟಿಯಲ್ಲಿ ಇದು ಕ್ರ್ಯಾಶ್‌ಗಿಂತ ದೊಡ್ಡ ದೋಷ. ಕ್ರ್ಯಾಶ್ ಆದದ್ದು ಕನಿಷ್ಠ ಲೆಕ್ಕಕ್ಕೆ ಸಿಗುತ್ತದೆ. ಕಾಣಿಸದೆ ಹೋದ ಡೈಲಾಗ್ ಯಾವ ಲೆಕ್ಕದಲ್ಲೂ ಇರುವುದಿಲ್ಲ.

ಬ್ಯಾಡ್‌ಟೋಕನ್‌ಎಕ್ಸೆಪ್ಶನ್ ಎಂಬ ದೋಷವನ್ನೇ ತೆಗೆದುಕೊಳ್ಳಿ. ಆಂಡ್ರಾಯ್ಡ್‌ನ ದಾಖಲೆ ಪಟ್ಟಿಯಾದ ಲಾಗ್‌ಕ್ಯಾಟ್‌ನಲ್ಲಿ ಅದರ ಸಂದೇಶ ‘ನಿಮ್ಮ ಆಕ್ಟಿವಿಟಿ ಚಾಲನೆಯಲ್ಲಿದೆಯೇ?’ (ಆಕ್ಟಿವಿಟಿ ಎಂದರೆ ಆ್ಯಪ್‌ನ ಒಂದು ಪುಟ) ಎಂಬ ಪ್ರಶ್ನೆಯೊಂದಿಗೆ ಮುಗಿಯುತ್ತದೆ, ಮತ್ತು ಆ ಪ್ರಶ್ನೆಗೆ ಉತ್ತರ ಹುಡುಕುವುದೇ ಇಲ್ಲಿನ ಅರ್ಧ ಕೆಲಸ. ಡೈಲಾಗ್ ಎಂಬುದು ತನ್ನದೇ ಒಂದು ವಿಂಡೋ. ಆದರೆ ಅದು ಸ್ವತಂತ್ರವಲ್ಲ. ಅದನ್ನು ತೆರೆಯುವ ಆಕ್ಟಿವಿಟಿಯ ಟೋಕನ್ (ಗುರುತಿನ ಚೀಟಿ) ಹಿಡಿದುಕೊಂಡು ವಿಂಡೋ ಮ್ಯಾನೇಜರ್ ಬಳಿ ಹೋದರಷ್ಟೇ ಅದಕ್ಕೆ ಪರದೆಯಲ್ಲಿ ಜಾಗ ಸಿಗುತ್ತದೆ. ಆಕ್ಟಿವಿಟಿ ಮುಗಿದುಹೋಗಿದ್ದರೆ ಟೋಕನ್ನಿಗೆ ಬೆಲೆಯಿಲ್ಲ. ಸಂದೇಶದಲ್ಲಿ ಟೋಕನ್ ‘ನಲ್’ (ಏನೂ ಇಲ್ಲ) ಎಂದಿದ್ದರೆ, ಆಕ್ಟಿವಿಟಿಯ ಬದಲು ಇಡೀ ಆ್ಯಪ್‌ಗೆ ಸೇರಿದ ಅಪ್ಲಿಕೇಶನ್ ಕಾಂಟೆಕ್ಸ್ಟ್ ಕೊಟ್ಟು ಡೈಲಾಗ್ ಕಟ್ಟಿರುವ ಸಾಧ್ಯತೆಯೇ ಹೆಚ್ಚು. ಅದು ಬರೆದವರ ತಪ್ಪು, ತಿದ್ದುವುದೂ ಸುಲಭ. ಟೋಕನ್ನಿನ ಜಾಗದಲ್ಲಿ ಬೈಂಡರ್‌ಪ್ರಾಕ್ಸಿ ಎಂಬ ಹೆಸರಿದ್ದರೆ ಕಥೆ ಬೇರೆ. ಆಗ ಆಕ್ಟಿವಿಟಿ ಇತ್ತು, ಈಗಿಲ್ಲ. ಸರ್ವರಿನ ಉತ್ತರ ಬರುವಷ್ಟರಲ್ಲಿ ಬಳಕೆದಾರರು ಆ ಪುಟ ಬಿಟ್ಟು ಹೋಗಿದ್ದಾರೆ. ಈ ಎರಡನೆಯದಕ್ಕೇ ಜನ ಟ್ರೈ-ಕ್ಯಾಚ್ ಹಾಕುವುದು, ಅಥವಾ ಆಕ್ಟಿವಿಟಿ ಮುಗಿಯುತ್ತಿದೆಯೇ ಎಂದು ಒಂದು ಇಫ್ (ಷರತ್ತು) ಹಾಕಿ, ಮುಗಿಯುತ್ತಿದ್ದರೆ ಡೈಲಾಗ್ ತೋರಿಸದೆ ಸುಮ್ಮನೆ ಹಿಂದಿರುಗುವುದು. ಕ್ರ್ಯಾಶ್ ತಪ್ಪಿಸುವ ಮಟ್ಟಿಗೆ ಆ ಇಫ್ ಸರಿಯೇ. ನನ್ನ ಆಕ್ಷೇಪ ಇರುವುದು ಆ ಸುಮ್ಮನೆ ಹಿಂದಿರುಗುವುದರ ಬಗ್ಗೆ.

ಹಣ ಪಾವತಿಯ ಪುಟದಲ್ಲಿ ಇದರ ಪರಿಣಾಮ ಎಷ್ಟು ದೂರ ಹೋಗುತ್ತದೆ ನೋಡಿ. ನಮ್ಮಲ್ಲಿ ಪಾವತಿ ಮಾಡುವವರು ಒಟಿಪಿ ನೋಡಲು ಆ್ಯಪ್ ಬಿಟ್ಟು ಎಸ್‌ಎಂಎಸ್‌ಗೆ ಹೋಗುತ್ತಾರೆ, ಅಥವಾ ಯುಪಿಐ ಆ್ಯಪ್‌ಗೆ ಹೋಗಿ ಪಿನ್ ಒತ್ತಿ ಮರಳುತ್ತಾರೆ. ಕಡಿಮೆ ರ್‍ಯಾಮ್ ಇರುವ ಫೋನಿನಲ್ಲಿ ಅಷ್ಟರೊಳಗೆ ನಮ್ಮ ಆ್ಯಪ್‌ನ ಪ್ರೊಸೆಸ್ಸನ್ನೇ (ಮೆಮೊರಿಯಲ್ಲಿ ಓಡುತ್ತಿರುವ ಆ್ಯಪ್ಪನ್ನೇ) ಸಿಸ್ಟಮ್ ಕೊಂದಿರಬಹುದು. ಅವರು ಮರಳಿದಾಗ ಹೊಸ ಆಕ್ಟಿವಿಟಿ ಎದ್ದು ನಿಲ್ಲುತ್ತದೆ, ‘ಪಾವತಿ ಆಯಿತು’ ಎಂಬ ಡೈಲಾಗ್ ಹಳೆಯದರ ಜೊತೆಗೇ ಹೋಗಿರುತ್ತದೆ, ಮತ್ತು ಪರದೆಯ ಮೇಲೆ ‘ಪಾವತಿಸಿ’ ಎಂಬ ಬಟನ್ ಮೊದಲಿನಂತೆಯೇ ಇರುತ್ತದೆ. ಸಹಜವಾಗಿ ಅವರು ಮತ್ತೊಮ್ಮೆ ಒತ್ತುತ್ತಾರೆ. ಖಾತೆಯಿಂದ ಎರಡು ಬಾರಿ ಹಣ ಹೋದ ಮೇಲೆ ನಮ್ಮ ಬಳಿ ಬರುವ ದೂರು ‘ಡೈಲಾಗ್ ಬರಲಿಲ್ಲ’ ಎಂದಿರುವುದಿಲ್ಲ, ಏಕೆಂದರೆ ಡೈಲಾಗ್ ಬರಬೇಕಿತ್ತು ಎಂಬುದೇ ಅವರಿಗೆ ಗೊತ್ತಿಲ್ಲ. ಪಾವತಿಯ ಫಲಿತಾಂಶವನ್ನು ಕಾಲ್‌ಬ್ಯಾಕ್‌ನಲ್ಲಿ (ಉತ್ತರ ಬಂದಾಗ ಓಡುವ ಕೋಡಿನಲ್ಲಿ) ಸಿಕ್ಕಿದ ಕ್ಷಣಕ್ಕೆ ತೋರಿಸಿ ಮರೆಯುವ ಸಂಗತಿಯಾಗಿ ನೋಡದೆ, ಪುಟದ ಸ್ಥಿತಿಯ ಭಾಗವಾಗಿ ಉಳಿಸಬೇಕು. ಪುಟ ಮತ್ತೆ ಎದ್ದಾಗ ಆ ವಹಿವಾಟಿನ ಗತಿ ಏನಾಯಿತೆಂದು ಸರ್ವರನ್ನು ಕೇಳಿ, ಆ ಉತ್ತರದ ಮೇಲೆ ಡೈಲಾಗ್ ತೋರಿಸಬೇಕು. ಪುಟದ ಮಾಹಿತಿಯನ್ನು ಹಿಡಿದಿಡುವ ವ್ಯೂಮಾಡೆಲ್‌ನಲ್ಲಿ ಇಟ್ಟರೆ ಸಾಕೆಂದು ಹಲವರು ತಿಳಿದಿದ್ದಾರೆ. ಪರದೆ ತಿರುಗಿದಾಗ ವ್ಯೂಮಾಡೆಲ್ ಉಳಿಯುತ್ತದೆ, ನಿಜ. ಪ್ರೊಸೆಸ್ ಸತ್ತರೆ ಅದೂ ಸಾಯುತ್ತದೆ. ವಹಿವಾಟಿನ ಸಂಖ್ಯೆಯನ್ನು ಸೇವ್ಡ್‌ಸ್ಟೇಟ್‌ಹ್ಯಾಂಡಲ್‌ನಲ್ಲೋ ಡೇಟಾಬೇಸಿನಲ್ಲೋ ಇಟ್ಟಿದ್ದರೆ ಮಾತ್ರ ಮತ್ತೆ ಕೈಗೆ ಸಿಗುತ್ತದೆ.

ವಿಂಡೋ ಲೀಕ್ ಎಂಬುದು ಇದರ ಇನ್ನೊಂದು ಮುಖ. ಡೈಲಾಗ್ ತೆರೆದಿರುವಾಗಲೇ ಆಕ್ಟಿವಿಟಿ ನಾಶವಾದರೆ ಲಾಗ್‌ನಲ್ಲಿ ಉದ್ದನೆಯ ಕೆಂಪು ಸಾಲುಗಳು ಬರುತ್ತವೆ, ಆದರೆ ಆ್ಯಪ್ ಬೀಳುವುದಿಲ್ಲ, ಹಾಗಾಗಿ ಯಾರೂ ಓದುವುದಿಲ್ಲ. ಓದಿದರೆ ಆ ಡೈಲಾಗನ್ನು ಎಲ್ಲಿ ತೆರೆದದ್ದೆಂಬ ಸಾಲಿನ ಸಂಖ್ಯೆ ಅಲ್ಲೇ ಸಿಗುತ್ತದೆ. ಪರದೆ ತಿರುಗಿಸಿದಾಗ ಆಕ್ಟಿವಿಟಿ ನಾಶವಾಗುವುದರಿಂದ ತಾನೇ ಈ ತೊಂದರೆ, ಆ್ಯಪ್ಪನ್ನು ಪೋರ್ಟ್ರೇಟ್‌ಗೆ (ನೆಟ್ಟಗಿನ ಪರದೆಗೆ) ಬಿಗಿದುಬಿಟ್ಟರೆ ಆಯಿತಲ್ಲ ಎಂಬ ವಾದವನ್ನು ಆಗಾಗ ಕೇಳುತ್ತೇನೆ. ಅದು ನಿಲ್ಲುವ ವಾದವಲ್ಲ. ಸಂಜೆಯಾದಂತೆ ಫೋನ್ ತಾನಾಗಿ ಡಾರ್ಕ್ ಥೀಮಿಗೆ ಹೊರಳಿದರೂ, ಬಳಕೆದಾರರು ಅಕ್ಷರದ ಗಾತ್ರ ಅಥವಾ ಭಾಷೆ ಬದಲಿಸಿದರೂ, ನಾವಾಗಿ ತಡೆಯದಿದ್ದರೆ ಆಕ್ಟಿವಿಟಿ ಹೊಸದಾಗಿ ಹುಟ್ಟುತ್ತದೆ. ಅಲ್ಲದೆ ಆಂಡ್ರಾಯ್ಡ್ 16ನ್ನು ಗುರಿಯಾಗಿಟ್ಟ ಆ್ಯಪ್‌ಗಳ ಇಂಥ ಬಿಗಿತವನ್ನು ಟ್ಯಾಬ್ಲೆಟ್ಟಿನಂಥ ದೊಡ್ಡ ಪರದೆಗಳಲ್ಲಿ ಸಿಸ್ಟಮ್ ಸಾಮಾನ್ಯವಾಗಿ ಲೆಕ್ಕಿಸುವುದಿಲ್ಲ.

ಡೈಲಾಗ್‌ಫ್ರಾಗ್ಮೆಂಟ್ 2011ರಿಂದಲೂ ನಮ್ಮ ಬಳಿ ಇದೆ. ಆಕ್ಟಿವಿಟಿ ಮರುಹುಟ್ಟು ಪಡೆದಾಗ ಡೈಲಾಗನ್ನೂ ಮರಳಿ ತರಬೇಕೆಂಬುದೇ ಅದರ ಉದ್ದೇಶ. ಅದನ್ನು ಬಳಸಿದವರಿಗೆ ಎದುರಾಗುವುದು ಆನ್‌ಸೇವ್‌ಇನ್‌ಸ್ಟೆನ್ಸ್‌ಸ್ಟೇಟ್ (ಪುಟದ ಸ್ಥಿತಿ ಉಳಿಸುವ ಹಂತ) ಆದ ಮೇಲೆ ಈ ಕೆಲಸ ಮಾಡುವಂತಿಲ್ಲ ಎಂಬ ದೋಷ. ಅದಕ್ಕೆ ಅಂತರ್ಜಾಲದಲ್ಲಿ ಥಟ್ಟನೆ ಸಿಗುವ ಪರಿಹಾರ ಕಮಿಟ್‌ಅಲೋಯಿಂಗ್‌ಸ್ಟೇಟ್‌ಲಾಸ್. ಸ್ಥಿತಿ ಕಳೆದುಹೋದರೂ ಪರವಾಗಿಲ್ಲ ಎಂದು ಹೆಸರಿನಲ್ಲೇ ಒಪ್ಪಿಕೊಂಡಿರುವ ಆ ಸಾಲನ್ನು ಬರೆಯುವ ಮುನ್ನ, ಈ ಡೈಲಾಗ್ ಕಳೆದುಹೋದರೆ ನಿಜಕ್ಕೂ ಪರವಾಗಿಲ್ಲವೇ ಎಂದು ಯೋಚಿಸಬೇಕು. ರೇಟಿಂಗ್ ಕೊಡಿ ಎಂದು ಕೇಳುವ ಡೈಲಾಗ್ ಹೋದರೆ ಹೋಗಲಿ. ‘ಅರ್ಜಿ ಸಲ್ಲಿಕೆಯಾಗಿಲ್ಲ’ ಎನ್ನುವ ಡೈಲಾಗ್ ಹೋಗಕೂಡದು.

ಇನ್ನೂ ಕಣ್ಣಿಗೆ ಬೀಳದ ದೋಷವೊಂದಿದೆ. ಡೈಲಾಗ್ ಮರಳಿ ಬರುತ್ತದೆ, ನೋಡಲು ಸರಿಯಾಗಿಯೇ ಇರುತ್ತದೆ, ‘ಸರಿ’ ಒತ್ತಿದರೆ ಏನೂ ಆಗುವುದಿಲ್ಲ. ಲಿಸನರನ್ನು (ಬಟನ್ ಒತ್ತಿದಾಗ ಓಡುವ ಕೋಡನ್ನು) ಲ್ಯಾಂಬ್ಡಾ (ಹೆಸರಿಲ್ಲದ ಪುಟ್ಟ ಫಂಕ್ಷನ್) ಆಗಿ ಹೊರಗಿನಿಂದ ಕೊಟ್ಟಿದ್ದರೆ, ಸಿಸ್ಟಮ್ ಡೈಲಾಗ್‌ಫ್ರಾಗ್ಮೆಂಟನ್ನು ಹೊಸದಾಗಿ ಕಟ್ಟಿದಾಗ ಆ ಲ್ಯಾಂಬ್ಡಾ ಅದರ ಜೊತೆ ಬರುವುದಿಲ್ಲ. ಸಿಸ್ಟಮ್ ಖಾಲಿ ಕನ್‌ಸ್ಟ್ರಕ್ಟರನ್ನಷ್ಟೇ (ಹೊರಗಿನಿಂದ ಏನನ್ನೂ ಪಡೆಯದೆ ಕಟ್ಟುವ ಕೋಡನ್ನಷ್ಟೇ) ಕರೆಯುತ್ತದೆ. ಫ್ರಾಗ್ಮೆಂಟ್ ರಿಸಲ್ಟ್ ಎಪಿಐ ಇದಕ್ಕೆಂದೇ ಇದೆ: ಕೇಳುವವರು ಮತ್ತು ಉತ್ತರಿಸುವವರು ಒಂದು ಹೆಸರಿನ ಮೂಲಕ ಭೇಟಿಯಾಗುತ್ತಾರೆ, ಇಬ್ಬರೂ ಹೊಸದಾಗಿ ಹುಟ್ಟಿದ್ದರೂ ಉತ್ತರ ತಲುಪುತ್ತದೆ. ಪರದೆ ಕಟ್ಟುವ ಹೊಸ ಪದ್ಧತಿಯಾದ ಕಂಪೋಸ್‌ನಲ್ಲಿ ಡೈಲಾಗ್ ಎಂದರೆ ಸ್ಥಿತಿಯ ಪ್ರತಿಬಿಂಬವೇ ಆದ್ದರಿಂದ ಈ ಬಗೆಯ ತೊಡಕು ಕಡಿಮೆ. ಆದರೂ ಬಹಳ ಮಂದಿ ರಿಮೆಂಬರ್ ಬರೆದು, ಆಕ್ಟಿವಿಟಿ ಹೊಸದಾಗಿ ಹುಟ್ಟಿದರೂ ಸ್ಥಿತಿ ಉಳಿಸುವ ರಿಮೆಂಬರ್‌ಸೇವಬಲ್ ಮರೆಯುತ್ತಾರೆ. ಆನ್‌ಡಿಸ್‌ಮಿಸ್‌ರಿಕ್ವೆಸ್ಟ್ ಎಂಬುದು ಬಟನ್ ಒತ್ತಿದಾಗಲೂ ತಾನಾಗಿ ಓಡುತ್ತದೆಂದು ನಂಬಿ, ಡೈಲಾಗ್ ಮುಚ್ಚುತ್ತಿಲ್ಲವೆಂದು ಗಂಟೆಗಟ್ಟಲೆ ಹುಡುಕುತ್ತಾರೆ. ಅದು ಓಡುವುದು ಹೊರಗೆ ತಟ್ಟಿದಾಗ ಅಥವಾ ಹಿಂದಕ್ಕೆ ಹೋದಾಗ ಮಾತ್ರ. ಬಟನ್ನಿನಲ್ಲಿ ಸ್ಥಿತಿಯನ್ನು ನಾವೇ ಬದಲಿಸಬೇಕು.

ಇವನ್ನೆಲ್ಲ ಮೇಜಿನ ಮೇಲಿರುವ ಒಳ್ಳೆಯ ಫೋನಿನಲ್ಲಿ ಹಿಡಿಯುವುದು ಕಷ್ಟ, ಏಕೆಂದರೆ ಅಲ್ಲಿ ನೆಟ್‌ವರ್ಕ್ ವೇಗವಾಗಿದೆ, ಮೆಮೊರಿ ಧಾರಾಳವಾಗಿದೆ. ಡೆವಲಪರ್ ಆಯ್ಕೆಗಳಲ್ಲಿ ಆಕ್ಟಿವಿಟಿಗಳನ್ನು ಉಳಿಸಿಕೊಳ್ಳಬೇಡ ಎಂಬ ಗುಂಡಿ ಇದೆ. ಅದನ್ನು ಒತ್ತಿ ಪರೀಕ್ಷಿಸುವವರೂ ಅದು ಪ್ರೊಸೆಸ್ಸನ್ನು ಕೊಲ್ಲುವುದಿಲ್ಲ ಎಂಬುದನ್ನು ಮರೆಯುತ್ತಾರೆ. ಡೈಲಾಗ್ ತೆರೆದಿಟ್ಟು, ಹೋಮ್ ಒತ್ತಿ, ಕಂಪ್ಯೂಟರಿನಿಂದ ಫೋನಿಗೆ ಆಜ್ಞೆ ಕಳಿಸುವ ಎಡಿಬಿ ಮೂಲಕ ಪ್ರೊಸೆಸ್ ಕೊಲ್ಲುವ ಎಎಂ ಕಿಲ್ ಆಜ್ಞೆ ಕೊಟ್ಟು, ಇತ್ತೀಚಿನ ಆ್ಯಪ್‌ಗಳ ಪಟ್ಟಿಯಿಂದ ಮರಳಿ ಬಂದು ನೋಡಬೇಕು. ಒಟಿಪಿಗಾಗಿ ಹೊರಗೆ ಹೋದವರಿಗೆ ಆಗುವುದು ಬಹುಮಟ್ಟಿಗೆ ಇದೇ.

ಅನುಮತಿ ಕೇಳುವ ಪಾಪ್‌ಅಪ್‌ಗಳ ಬಗ್ಗೆಯೂ ಒಂದು ಮಾತು, ಏಕೆಂದರೆ ‘ಕೋಡ್ ಸರಿಯಿದೆ, ಆದರೂ ಪಾಪ್‌ಅಪ್ ಬರುತ್ತಿಲ್ಲ’ ಎಂಬ ಪ್ರಶ್ನೆಗಳಲ್ಲಿ ದೊಡ್ಡ ಪಾಲು ಇವುಗಳದ್ದೇ. ಆ ಡೈಲಾಗ್ ನಮ್ಮದಲ್ಲ, ಸಿಸ್ಟಮ್‌ನದು. ಆಂಡ್ರಾಯ್ಡ್ 11ರಿಂದ ಒಂದೇ ಅನುಮತಿಯನ್ನು ಬಳಕೆದಾರರು ಒಂದಕ್ಕಿಂತ ಹೆಚ್ಚು ಬಾರಿ ನಿರಾಕರಿಸಿದರೆ ಮತ್ತೆ ಕೇಳಬೇಡಿ ಎಂದು ಹೇಳಿದಂತೆಯೇ ಲೆಕ್ಕ. ಆಮೇಲೆ ಎಷ್ಟು ಕೇಳಿದರೂ ಪಾಪ್‌ಅಪ್ ತೆರೆಯುವುದಿಲ್ಲ. 2022ರ ಆಂಡ್ರಾಯ್ಡ್ 13ರಿಂದ ನೋಟಿಫಿಕೇಶನ್‌ಗೂ ಇಂಥದೇ ಅನುಮತಿ ಬೇಕು. ಆ್ಯಪ್ ತೆರೆದ ಮೊದಲ ಕ್ಷಣದಲ್ಲೇ, ಯಾಕೆಂದು ಹೇಳದೆ, ಎಲ್ಲ ಅನುಮತಿಗಳನ್ನೂ ಕೇಳುವ ಆ್ಯಪ್‌ಗಳು ತಮಗೆ ಸಿಗುವ ಆ ಕೆಲವೇ ಅವಕಾಶಗಳನ್ನು ಅಲ್ಲೇ ಕಳೆದುಕೊಳ್ಳುತ್ತವೆ. ಫೋಟೋ ಸೇರಿಸುವ ಬಟನ್ ಒತ್ತಿದಾಗ ಕ್ಯಾಮೆರಾ ಕೇಳಿದರೆ, ಕೊಡುವವರಿಗೆ ಕಾರಣ ಎದುರಿಗೇ ಇರುತ್ತದೆ.

ಕೊನೆಯದಾಗಿ, ಕನ್ನಡದಲ್ಲಿ ಆ್ಯಪ್ ಕೊಡುವವರಿಗೆ ವಿಶೇಷವಾಗಿ. ಇಂಗ್ಲಿಷ್ ಪಠ್ಯಕ್ಕೆ ಅಳೆದು ಎತ್ತರ ನಿಗದಿಪಡಿಸಿದ ಡೈಲಾಗ್‌ನಲ್ಲಿ ಕನ್ನಡದ ಒತ್ತಕ್ಷರಗಳ ಕೆಳಭಾಗ ಕತ್ತರಿಸಿಹೋಗುತ್ತದೆ, ಫಾಂಟ್ ಪ್ಯಾಡಿಂಗ್ (ಅಕ್ಷರದ ಮೇಲೆ-ಕೆಳಗೆ ಬಿಡುವ ಜಾಗ) ತೆಗೆದುಹಾಕಿದ್ದರೆ ಇನ್ನಷ್ಟು. ಎರಡು ಬಟನ್‌ಗಳ ಪಠ್ಯ ಉದ್ದವಾದಾಗ ಒಂದು ಬಟನ್ ಪರದೆಯಾಚೆಗೆ ಸರಿದು, ಒತ್ತಲು ಬಾರದಂತಾಗುವುದನ್ನೂ ಕಂಡಿದ್ದೇನೆ. ಆಂಡ್ರಾಯ್ಡ್ 14ರಿಂದ ಅಕ್ಷರಗಳನ್ನು 200 ಪ್ರತಿಶತದವರೆಗೆ ಹಿಗ್ಗಿಸಿಕೊಳ್ಳಬಹುದು, ಮತ್ತು ಹಾಗೆ ಹಿಗ್ಗಿಸಿಕೊಳ್ಳುವವರಲ್ಲಿ ವಯಸ್ಸಾದ ಕನ್ನಡಿಗರೂ ಇದ್ದಾರೆ. ಆದ್ದರಿಂದ ಡೈಲಾಗ್‌ಗೆ ನಿಗದಿತ ಎತ್ತರ ಕೊಡಬೇಡಿ, ಸಂದೇಶದ ಭಾಗ ಸ್ಕ್ರೋಲ್ ಆಗುವಂತಿರಲಿ, ಬಟನ್‌ಗಳು ಜಾಗ ಸಾಲದಿದ್ದಾಗ ಒಂದರ ಕೆಳಗೊಂದು ಬರಲಿ; ಬಿಡುಗಡೆಗೆ ಮುನ್ನ ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಿಸಿ, ಅಕ್ಷರವನ್ನು ಅತಿ ದೊಡ್ಡದಾಗಿಸಿ, ಪ್ರತಿ ಡೈಲಾಗನ್ನೂ ಒಮ್ಮೆ ತೆರೆದು ಎರಡೂ ಬಟನ್‌ಗಳನ್ನು ಒತ್ತಿ ನೋಡಿ.